ಅಪ್ಪನ ಕಾಟಾದ ಮೇಲೆ ನಲವತ್ತೆಂಟು

ಬಾಕ್ಸಿಂಗ್ ಎಂದರೆ ಜನಕ್ಕೆ ಮೂಗಿನ ರಕ್ತ ನೆನಪಾಗುತ್ತದೆ. ನನಗೆ ನೆನಪಾಗುವುದು ಉಗುಳು. ನೀರಿನ ಬಾಟಲಿಯಲ್ಲಿ ಅರ್ಧಕ್ಕೆ ಬಂದಿದ್ದ, ಹುಣಸೆಹಣ್ಣಿನ ಕಂದು ಬಣ್ಣಕ್ಕೆ ತಿರುಗಿದ್ದ, ಮೇಲೆ ನೊರೆ ಕಟ್ಟಿದ್ದ ನನ್ನದೇ ಉಗುಳು. ಅದನ್ನು ಕೈಯಲ್ಲಿ ಹಿಡಿದುಕೊಂಡು ಮೂರು ತಾಸು ಬಿಸಿಲಲ್ಲಿ ಒದ್ದಾಡಿದ್ದೇನೆ. ಈಗಲೂ ಯಾರಾದರೂ ಸಾರಿಗೆ ಹುಣಸೆ ಹಿಂಡುವುದು ಕಂಡರೆ ಅಲ್ಲಿಂದ ಎದ್ದು ಹೋಗುತ್ತೇನೆ. ಗಂಡನ ಮನೆಗೆ ಬಂದ ಮೊದಲ ವಾರವೇ ಸಾರಿಗೆ ಟೊಮೆಟೊ ಸಾಕು ಎಂದು ನಿಯಮ ಮಾಡಿದೆ. ಕಾರಣ ಕೇಳಿದವರಿಗೆ ಪಿತ್ತ ಎಂದು ಹೇಳಿ ಬಾಯಿ ಮುಚ್ಚಿಸಿದೆ.

ಈಗ ನಾನು ರೋಣದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಮಕ್ಕಳಿಗೆ ಆಟ ಕಲಿಸುತ್ತೇನೆ. ವರ್ಷಕ್ಕೆ ಒಂದೆರಡು ಸಲ ಯಾವುದಾದರೂ ಊರಿನವರು ಸಮಾರಂಭಕ್ಕೆ ಕರೆಯುತ್ತಾರೆ. ಶಾಲು ಹೊದಿಸುತ್ತಾರೆ. ಮೈಕು ಹಿಡಿದವರು ‘ನಮ್ಮ ತಾಲೂಕಿನ ಹೆಣ್ಣುಹುಲಿ, ಬಾಕ್ಸಿಂಗಿನಲ್ಲಿ ರಾಜ್ಯಮಟ್ಟಕ್ಕೆ ಹೋದವರು’ ಎಂದು ಗಂಟಲು ಹರಿದುಕೊಳ್ಳುತ್ತಾರೆ. ಹುಲಿಯಂತೆ ಹುಲಿ. ನನಗೆ ಅಲ್ಲೇ ಎದ್ದು ಹೋಗಬೇಕೆನಿಸುತ್ತದೆ. ರಾಜ್ಯಮಟ್ಟಕ್ಕೆ ಹೋಗಿದ್ದು ಖರೇ. ಅಲ್ಲಿ ಏನಾಯಿತು ಎಂದು ಇದುವರೆಗೆ ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ. ಈಗ ಹೇಳಿಬಿಡುತ್ತೇನೆ, ಒಳಗಿಟ್ಟುಕೊಂಡು ಸಾಕಾಗಿದೆ.

ನಮ್ಮ ಆಟ ತೂಕದಿಂದ ಶುರುವಾಗುತ್ತದೆ. ಇಷ್ಟು ಕಿಲೋದವರು ಇಷ್ಟು ಕಿಲೋದವರ ಜೊತೆಗೇ ಆಡಬೇಕು. ನನ್ನ ವಯಸ್ಸಿನ ಹುಡುಗಿಯರಿಗೆ ಎಲ್ಲಕ್ಕಿಂತ ಹಗುರವಾದ ವರ್ಗವೆಂದರೆ ನಲವತ್ತೆಂಟು ಕಿಲೋ. ಅದರ ಮೇಲೆ ಒಂದು ಬೆಲ್ಲದ ಹರಳಿನಷ್ಟು ಹೆಚ್ಚಾದರೂ ಆ ವರ್ಗದಲ್ಲಿ ಜಾಗವಿಲ್ಲ. ಮೇಲಿನ ವರ್ಗದ ಹುಡುಗಿಯರು ನನಗಿಂತ ಗೇಣುದ್ದ ಹೆಚ್ಚು, ಅವರ ಕೈ ನನ್ನ ಮುಖಕ್ಕೆ ಮುಟ್ಟುತ್ತದೆ, ನನ್ನ ಕೈ ಅವರ ಎದೆಗೂ ಮುಟ್ಟುವುದಿಲ್ಲ. ನಾನು ಐದಡಿ ಇಲ್ಲದ ಗಿಡ್ಡಿ. ನಲವತ್ತೆಂಟರಲ್ಲಿ ಮಾತ್ರ ನನ್ನಂಥ ಗಿಡ್ಡಿಯರಿಗೆ ಬೆಲೆ. ಆಗ ನನಗೆ ಹದಿನೆಂಟು, ಆ ವಯಸ್ಸಿನ ಗುಂಪಿನಲ್ಲಿ ಅದೇ ಕೊನೆಯ ವರ್ಷ. ರಾಜ್ಯ ಸ್ಪರ್ಧೆಯಲ್ಲಿ ಗೆದ್ದರೆ ರಾಜ್ಯದ ತಂಡ, ಬೇರೆ ಊರಲ್ಲಿ ಹಾಸ್ಟೆಲು, ಓದು. ಗೆಲ್ಲದಿದ್ದರೆ ಅದೇ ಬೇಸಿಗೆಯಲ್ಲಿ ಮದುವೆ. ಇದು ಅವ್ವ ಹಾಕಿದ ಷರತ್ತು, ನಾನೂ ಒಪ್ಪಿಕೊಂಡಿದ್ದೆ. ಗೆಲ್ಲುತ್ತೇನೆಂಬ ಸೊಕ್ಕು ನನಗೆ ಅಷ್ಟಿತ್ತು.

ನನ್ನ ಕೋಚ್ ಗಜೇಂದ್ರಗಡದವರು, ಕೈಮಗ್ಗದ ಸೀರೆ ನೇಯುವ ಮನೆತನ. ಅಣ್ಣ ತಮ್ಮಂದಿರೆಲ್ಲ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವರು. ಇವರೊಬ್ಬರು ಮಿಲಿಟರಿಗೆ ಹೋಗಿ ಬಾಕ್ಸಿಂಗ್ ಕಲಿತು, ಪೆನ್ಷನ್ ಆದ ಮೇಲೆ ರೋಣದಲ್ಲಿ ಮುಚ್ಚಿಹೋಗಿದ್ದ ಒಂದು ಎಣ್ಣೆ ಮಿಲ್ಲಿನ ಶೆಡ್ಡಿನಲ್ಲಿ ಕ್ಲಾಸು ಶುರುಮಾಡಿದ್ದರು. ಗೋಡೆಗೆಲ್ಲ ಹಳೆಯ ಕುಸುಬಿ ಎಣ್ಣೆಯ ಜಿಡ್ಡು. ಬಿಸಿಲೇರಿದರೆ ಹಿಂಡಿಯ ಮುಗ್ಗಲು ವಾಸನೆ ಮೂಗಿಗೆ ಅಡರುತ್ತಿತ್ತು. ಎರಡೇ ಜೊತೆ ಗ್ಲೌಸು, ನಾವು ಹನ್ನೆರಡು ಮಂದಿ. ಇನ್ನೊಬ್ಬರ ಬೆವರಿನಲ್ಲಿ ತೊಯ್ದು ಬೆಚ್ಚಗಿರುವ ಗ್ಲೌಸಿನೊಳಗೆ ಬೆರಳು ತೂರಿಸಬೇಕಾದ ಆ ಗಳಿಗೆಯನ್ನು ನಾನು ದಿನಾ ಕಣ್ಣು ಮುಚ್ಚಿ ಕಳೆಯುತ್ತಿದ್ದೆ. ಆದರೂ ಹೋಗುತ್ತಿದ್ದೆ. ಆಟ ನನಗೆ ಅಷ್ಟು ಬೇಕಾಗಿತ್ತು.

ತೂಕ ನೋಡಲು ಕೋಚ್ ಹತ್ತಿರ ಒಂದು ಮುಳ್ಳಿನ ಕಾಟಾ ಇತ್ತು. ತೂಗುವ ಯಂತ್ರಕ್ಕೆಲ್ಲ ನಮ್ಮ ಕಡೆ ಕಾಟಾ ಎಂದೇ ಹೆಸರು. ಅವರದ್ದು ದವಾಖಾನೆಯಲ್ಲಿ ಬಿಸಾಕಿದ್ದೋ ಏನೋ, ಮೇಲಿನ ಗಾಜು ಸೀಳಿತ್ತು, ಅಂಚಿಗೆ ತುಕ್ಕು ಹಿಡಿದಿತ್ತು. ಮೇಲೆ ಹತ್ತಿದರೆ ಮುಳ್ಳು ಸ್ವಲ್ಪ ಹೊತ್ತು ನಡುಗಿ ಆಮೇಲೆ ಒಂದು ಕಡೆ ನಿಲ್ಲುತ್ತಿತ್ತು. ಅದರ ಮೇಲೆ ಹಿಂದಿನವರ ಕಾಲಿನ ಮಣ್ಣು ಹಾಗೇ ಇರುತ್ತಿತ್ತು. ಅದನ್ನು ನೋಡಿದರೇ ನನಗೆ ಮೈ ಉರಿಯುತ್ತಿತ್ತು. ಯಾಕೆಂದರೆ ನಾನು ತೂಗುವವನ ಮಗಳು.

ನಮ್ಮಪ್ಪನ ಕೆಲಸವೇ ತೂಗುವುದು. ಊರಿನ ಅಂಚಿನಲ್ಲಿದ್ದ ಒಂದು ದಲಾಲಿ ಅಂಗಡಿಯಲ್ಲಿ ಕಡಲೆ, ಹೆಸರು, ಹತ್ತಿ, ಉಳ್ಳಾಗಡ್ಡಿ ತೂಗುತ್ತ ಅವನ ಕೂದಲು ನರೆತಿತ್ತು. ಹೊಳೆಆಲೂರಿನಿಂದ, ನರೇಗಲ್ಲಿನಿಂದ ಟ್ರ್ಯಾಕ್ಟರ್ ತುಂಬಿಕೊಂಡು ಬರುವ ರೈತರು ಬೇರೆ ಅಂಗಡಿ ದಾಟಿ ಅಲ್ಲಿಗೆ ಬರುತ್ತಿದ್ದುದು ಅಂಗಡಿಯ ಮಾಲೀಕ ಸಾವ್ಕಾರನ ಮುಖ ನೋಡಿ ಅಲ್ಲ, ಅಪ್ಪನ ಮುಖ ನೋಡಿ. ಅಪ್ಪ ಚೀಲಕ್ಕೆ ಕೈ ತಾಗಿಸುತ್ತಿರಲಿಲ್ಲ, ಕಾಲು ತಾಗಿಸುತ್ತಿರಲಿಲ್ಲ. ಚೀಲ ಇಟ್ಟವನೇ ಎರಡು ಹೆಜ್ಜೆ ಹಿಂದೆ ಸರಿದು ಕೈ ಕಟ್ಟಿ ನಿಲ್ಲುತ್ತಿದ್ದ. ಅಂಕಿ ನಿಂತ ಮೇಲೆ ಗಟ್ಟಿಯಾಗಿ ಕೂಗುತ್ತಿದ್ದ. ಅದು ಕರೆಂಟಿನ ಕಾಟಾ, ಕೆಂಪು ಅಂಕಿ, ಪಕ್ಕಕ್ಕೆ ಸರ್ಕಾರಿ ಸೀಲು ಹೊಡೆದ ಸೀಸದ ಬಿಲ್ಲೆ. ಸಣ್ಣವಳಿದ್ದಾಗ ನಾನು ಆ ಬಿಲ್ಲೆಯನ್ನು ದೇವರ ಪದಕ ಎಂದುಕೊಂಡಿದ್ದೆ. ಶೆಡ್ಡಿನಿಂದ ಬರುವಾಗ ದಿನಾ ಸಂಜೆ ಅಂಗಡಿಗೆ ಹೋಗಿ, ಚಪ್ಪಲಿ ಬಿಟ್ಟು ಅದರ ಮೇಲೆ ನಿಲ್ಲುತ್ತಿದ್ದೆ.

ಸ್ಪರ್ಧೆಗೆ ತಿಂಗಳಿದ್ದಾಗ ಜಗಳ ಶುರುವಾಯಿತು. ಕೋಚ್ ಅವರ ಮುಳ್ಳು ಒಂದೂವರೆ ಕಿಲೋ ಹೆಚ್ಚು ತೋರಿಸುತ್ತಿತ್ತು, ಅಪ್ಪನ ಕಾಟಾ ಕಡಿಮೆ.

“ಐವತ್ತೂವರಿ ಐತಿ ನೋಡು,” ಎಂದರು ಕೋಚ್. “ರೊಟ್ಟಿ ಬಿಟ್ಟೀಯೋ ಇಲ್ಲೋ?”

“ನಿಮ್ಮ ಡಬ್ಬಿ ಸುಳ್ಳು ಹೇಳ್ತೈತ್ರಿ ಸರ್. ಗಾಳಿ ಬಿಟ್ರೂ ಮುಳ್ಳು ಅಳ್ಳಾಡ್ತೈತಿ. ನಮ್ಮ ಕಾಟಾದ ಮ್ಯಾಲೆ ನಲವತ್ತೊಂಬತ್ತು ಬಂದೈತಿ. ಸೀಲು ಹೊಡದಿದ್ದು ಅದು.”

“ಡಬ್ಬಿ ಹಳೇದೈತಿ, ಖರೇ. ಹಂಗಂತ ದಿನಾ ಒಂದ ಕಡೆ ನಿಂದರತೈತಲ್ಲ.”

“ತುಕ್ಕು ಹಿಡದು ನಿಂದರತೈತ್ರಿ.”

ಉಳಿದ ಹುಡುಗಿಯರು ನಕ್ಕರು. ಕೋಚ್ ಕೂಡ ನಕ್ಕರು. ನೂಲು ತೂಗುವ ಮನೆತನದವರು, ತೂಕದ ವಿಷಯದಲ್ಲಿ ನನ್ನಂಥ ಹುಡುಗಿಯಿಂದ ಪಾಠ ಹೇಳಿಸಿಕೊಂಡು ಸುಮ್ಮನಿದ್ದರು. ಒಂದು ಸಲ ನನ್ನ ಜೊತೆ ಅಂಗಡಿಗೂ ಬಂದರು. ಸೀಸದ ಬಿಲ್ಲೆಯನ್ನು ಬಗ್ಗಿ ನೋಡಿದರು, ಅಪ್ಪನ ಜೊತೆ ಚಹಾ ಕುಡಿದರು. ಸರ್ಕಾರಿ ಸೀಲಿನ ಮುಂದೆ ಯಾರು ತಾನೆ ತುಕ್ಕು ಹಿಡಿದ ಡಬ್ಬಿಯನ್ನು ನಂಬುತ್ತಾರೆ? ಅಂದಿನಿಂದ ನನ್ನ ತೂಕ ಅಪ್ಪನ ಕಾಟಾದ ಮೇಲೆಯೇ ಎಂದಾಯಿತು. ಆ ಡಬ್ಬಿಯನ್ನು ನಾನೇ ಕಾಲಿನಿಂದ ಮೂಲೆಗೆ ತಳ್ಳಿದೆ. ಆ ಸೊಕ್ಕು ನೆನಪಾದರೆ ಈಗ ನನ್ನ ಮುಖಕ್ಕೆ ನಾನೇ ಉಗುಳಬೇಕೆನಿಸುತ್ತದೆ.

ತೂಕ ಇಳಿಸುವುದೆಂದರೆ ಏನೆಂದು ಹೊರಗಿನವರಿಗೆ ಗೊತ್ತಿಲ್ಲ. ಪೇಪರಿನಲ್ಲಿ ‘ಕಠಿಣ ಪರಿಶ್ರಮ’ ಎಂದು ಬರೆಯುತ್ತಾರೆ. ಪರಿಶ್ರಮವಲ್ಲ, ಹೊಲಸು. ಹೊಟ್ಟೆ ಖಾಲಿಯಾದಾಗ ಬಾಯಿಂದ ಬರುವ ವಾಸನೆ ಸತ್ತ ಇಲಿಯ ವಾಸನೆ. ಮಲಬದ್ಧತೆ ಎಂದು ಅತ್ತು, ಆಮೇಲೆ ಔಡಲೆಣ್ಣೆ ಕುಡಿದು ಅದಕ್ಕೂ ಅತ್ತಿದ್ದೇನೆ. ತಿಂಗಳ ಮುಟ್ಟು ಎರಡು ತಿಂಗಳಿಂದ ನಿಂತಿತ್ತು, ಅವ್ವನಿಗೆ ಹೇಳಿರಲಿಲ್ಲ. ಮನೆಯಲ್ಲಿ ಅವ್ವ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಬಾಯಲ್ಲಿ ನೀರು ಬರುತ್ತಿತ್ತು, ಸಿಟ್ಟು ಬರುತ್ತಿತ್ತು, ಕೊನೆಗೆ ಅವ್ವನನ್ನೇ ಕಂಡರೆ ಆಗದ ಹಾಗಾಯಿತು. ನಾನು ಒಂದು ರೊಟ್ಟಿಯ ಅರ್ಧ ತಿಂದು ಎದ್ದರೆ ಎದುರು ಕೂತ ಅಪ್ಪ ತನ್ನ ತಟ್ಟೆಯನ್ನೇ ನೋಡುತ್ತಿದ್ದ.

ಕೊನೆಯ ವಾರದಲ್ಲಿ ಕೆಂಪು ಅಂಕಿ ನಲವತ್ತೆಂಟಕ್ಕೆ ಬಂದು ನಿಂತಿತು. ನಾನು ಕಾಟಾದ ಮೇಲೆಯೇ ಕುಣಿದಾಡಿದೆ. ಹಮಾಲರು ಚೀಲ ಇಳಿಸುವುದು ಬಿಟ್ಟು ಚಪ್ಪಾಳೆ ಹೊಡೆದರು. ಅಪ್ಪ ಮಾತ್ರ ನಗಲಿಲ್ಲ.

“ಇನ್ನೊಂದೀಟು ಇಳಸವಾ,” ಎಂದ. “ಒಂದೆರಡು ಕಿಲೋ ಕೈಯಾಗ ಇದ್ರ ಚಲೋ.”

“ಎಲ್ಲಿಂದ ಇಳಸ್ಲಿ? ಕೈ ಕಡಕೊಂಡು ಹೋಗ್ಲೇನು?”

“ಹಂಗಲ್ಲ. ಅಲ್ಲೀ ಕಾಟಾ ಬ್ಯಾರೆ ಇರ್ತೈತಿ, ಇಲ್ಲೀದು ಬ್ಯಾರೆ.”

“ಕಿಲೋ ಅಂದ್ರ ಎಲ್ಲಾ ಕಡೆ ಕಿಲೋನ ಅಪ್ಪಾ. ಅದನ್ನ ನಾ ನಿನಗ ಹೇಳಿಕೊಡಬೇಕೇನು?”

ಅಪ್ಪ ಕೊರಳಿನ ಟವೆಲ್ಲಿನಿಂದ ಕಾಟಾದ ಗಾಜು ಒರೆಸಿದ. ಮರುದಿನವೂ ಅದೇ ಮಾತು, ಅದರ ಮರುದಿನವೂ. ತಿನ್ನದೆ ಸಾಯುತ್ತಿರುವವಳಿಗೆ ಇನ್ನೂ ಇಳಿಸು ಎನ್ನುವ ಇವನೆಂಥ ಅಪ್ಪ ಎಂದು ನನಗೆ ರೇಗಿತು. ಎರಡು ದಿನ ಅವನ ಜೊತೆ ಮಾತು ಬಿಟ್ಟೆ. ಹೊರಡುವ ಹಿಂದಿನ ಸಂಜೆ ಮತ್ತೊಮ್ಮೆ ನಿಂತು ನೋಡಿದೆ. ನಲವತ್ತೆಂಟು, ಸೊನ್ನೆ ಸೊನ್ನೆ. ಅದನ್ನು ಅಪ್ಪನೇ ಗಟ್ಟಿಯಾಗಿ ಕೂಗಿದ, ರೈತರ ಚೀಲಕ್ಕೆ ಕೂಗುವ ಹಾಗೆಯೇ.

ಹೊಳೆಆಲೂರಿನ ಸ್ಟೇಷನ್ನಿನಿಂದ ಬೆಳಗಿನ ರೈಲು ಹಿಡಿದು ನಾನು, ಕೋಚ್ ಇಬ್ಬರೇ ವಿಜಯಪುರಕ್ಕೆ ಹೋದೆವು. ಹನ್ನೊಂದಕ್ಕೆಲ್ಲ ಮುಟ್ಟಿದೆವು. ತೂಕದ ಕೋಣೆ ಎರಡಕ್ಕೆ ತೆರೆದು ಮೂರಕ್ಕೆ ಮುಚ್ಚುತ್ತದೆ, ಅಲ್ಲಿ ಒಂದೇ ಸಲ ಹತ್ತಬೇಕು, ಬಂದದ್ದೇ ಕೊನೆ. ಅದಕ್ಕೆ ಮುಂಚೆ ನೋಡಿಕೊಳ್ಳಲೆಂದು ಹೊರಗಿನ ವರಾಂಡದಲ್ಲಿ ಅಂಥದೇ ಇನ್ನೊಂದು ಕಾಟಾ ಇಟ್ಟಿದ್ದರು. ನಾನು ಧಿಮಾಕಿನಿಂದ ಹೋಗಿ ಹತ್ತಿದೆ. ನಲವತ್ತೊಂಬತ್ತು ಕಿಲೋ ನಾಲ್ಕುನೂರ ಐವತ್ತು ಗ್ರಾಂ.

ಇಳಿದು ಮತ್ತೆ ಹತ್ತಿದೆ. ಅದೇ ಅಂಕಿ. ಟ್ರ್ಯಾಕ್‌ಸೂಟ್ ಕಳಚಿ, ಕಿವಿಯೋಲೆ ತೆಗೆದು ಹತ್ತಿದೆ. ಅರ್ಧ ಕಿಲೋ ಕೂಡ ಇಳಿಯಲಿಲ್ಲ. ಸಾಲಿನಲ್ಲಿದ್ದ ಬೇರೆ ಜಿಲ್ಲೆಯ ಹುಡುಗಿಯರು ಒಬ್ಬೊಬ್ಬರಾಗಿ ಹತ್ತಿ, ತಮ್ಮ ತಮ್ಮ ಅಂಕಿ ತಮಗೆ ಗೊತ್ತಿದ್ದಷ್ಟೇ ಬಂದಾಗ ತಲೆಯಾಡಿಸಿ ಇಳಿದು ಹೋದರು. ಕೆಟ್ಟಿದ್ದು ನನ್ನ ಲೆಕ್ಕ ಒಂದೇ.

ಕೋಚ್ ಬೈಯಲಿಲ್ಲ. ಚೀಲದಿಂದ ಒಂದು ಪ್ಲಾಸ್ಟಿಕ್ ತೆಗೆದರು. ಗೊಬ್ಬರದ ಚೀಲದ ಒಳಗಿರುತ್ತದಲ್ಲ, ಆ ತೆಳು ಹಾಳೆ. ತಲೆಗೆ, ಕೈಗೆ ತೂತು ಕತ್ತರಿಸಿ ಅಂಗಿಯ ಹಾಗೆ ಮಾಡಿದ್ದರು. “ಹಾಕ್ಕೋ. ಮ್ಯಾಲೆ ಸ್ವೆಟರ್. ಓಡು,” ಎಂದರು. ಎಷ್ಟು ತೊಳೆದಿದ್ದರೋ, ಯೂರಿಯಾದ ವಾಸನೆ ಹೋಗಿರಲಿಲ್ಲ. ಮೈ ಬೆವರಿದ ಹಾಗೆಲ್ಲ ಆ ವಾಸನೆ ಎದ್ದು ಮೂಗು, ಬಾಯಿ, ಕಣ್ಣು ಉರಿಯತೊಡಗಿತು. ವಿಜಯಪುರದ ಬೇಸಿಗೆಯ ಮಧ್ಯಾಹ್ನದಲ್ಲಿ ಮೈದಾನದ ಸುತ್ತ ಓಡಿದೆ. ಪ್ಲಾಸ್ಟಿಕ್ಕಿನೊಳಗೆ ಬೆವರು ಇಳಿದು ಸೊಂಟದ ಹತ್ತಿರ ಪಚಪಚ ಎನ್ನುತ್ತಿತ್ತು. ಕೋಚ್ ಹುಣಸೆಹಣ್ಣಿನ ಉಂಡೆ ಕೊಟ್ಟು ನುಂಗದೆ ಚೀಪು, ಬಂದ ನೀರೆಲ್ಲ ಬಾಟಲಿಗೆ ಉಗುಳು ಎಂದರು. ಎಷ್ಟು ಉಗುಳಿದೆ ಎಂದು ಗೊತ್ತಾಗಬೇಕಲ್ಲ, ಅದಕ್ಕೆ ಬಾಟಲಿ.

ಓಡಲು ಆಗದಾದಾಗ ಯಾವುದೋ ಜಿಲ್ಲೆಯವರು ಬಿಸಿಲಲ್ಲಿ ನಿಲ್ಲಿಸಿದ್ದ ಬಸ್ಸಿನಲ್ಲಿ ಕೋಚ್ ನನ್ನನ್ನು ಕಿಟಕಿ ಮುಚ್ಚಿ ಕೂರಿಸಿದರು. ಅದರಲ್ಲಿ ನನ್ನ ಹಾಗೆಯೇ ಇನ್ನೂ ಇಬ್ಬರು ಹುಡುಗಿಯರಿದ್ದರು. ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ಉಗುಳುತ್ತಿದ್ದೆವು. ಒಬ್ಬಳು ಬೆರಳು ಹಾಕಿ ವಾಂತಿ ಮಾಡಿದಳು. ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಹಳದಿ ಲೋಳೆ ಮಾತ್ರ ಬಂತು. ಅವಳು ಅದನ್ನು ನೋಡಿ ಸಂತೋಷಪಟ್ಟಳು. ಅಷ್ಟು ಗ್ರಾಂ ಹೋಯಿತಲ್ಲ ಎಂದು. ನಮ್ಮನ್ನು ಹೆತ್ತವರು ಆಗ ಬಸ್ಸಿನ ಬಾಗಿಲು ತೆರೆದು ನೋಡಿದ್ದರೆ ಏನೆನ್ನುತ್ತಿದ್ದರೋ.

ಎರಡೂಮುಕ್ಕಾಲಿಗೆ ಕೋಣೆಗೆ ಹೋದೆ. ಒಳಗೆ ಇಬ್ಬರು ಹೆಂಗಸರು. ಒಬ್ಬಾಕೆ ಅಂಕಿ ಓದುವವಳು, ಇನ್ನೊಬ್ಬಾಕೆ ಬರೆಯುವವಳು. ಬರೆಯುವಾಕೆ ಪೇಪರಿನ ಪೊಟ್ಟಣದಲ್ಲಿ ಚುರುಮುರಿಯ ಗಿರಮಿಟ್ ತಿನ್ನುತ್ತಿದ್ದಳು. ಎಣ್ಣೆ, ಹಸಿ ಉಳ್ಳಾಗಡ್ಡಿ, ಮೆಣಸಿನಕಾಯಿಯ ವಾಸನೆ ಕೋಣೆಯ ತುಂಬ. ನಾನು ಒಳಉಡುಪಿನಲ್ಲಿ, ಯೂರಿಯಾ ನಾರುತ್ತ, ಗೋಡೆ ಹಿಡಿದು ನಿಂತಿದ್ದೆ. ಆಕೆ ತಿನ್ನುತ್ತಲೇ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಎಲುಬು ಬಿಟ್ರ ಏನೂ ಇಲ್ಲಲ್ಲ ಈ ಹುಡುಗಿ ಮೈಯಾಗ,” ಎಂದಳು. ನಾನು ಹತ್ತಿದೆ. ನಲವತ್ತೆಂಟು ಕಿಲೋ ಮುನ್ನೂರು ಗ್ರಾಂ.

“ಮುನ್ನೂರು ಗ್ರಾಂ ಹೆಚ್ಚೈತಿ ತಂಗಿ. ಇಳಿ,” ಎಂದಳು ಓದುವಾಕೆ. ದನಿಯಲ್ಲಿ ಸಿಟ್ಟಿರಲಿಲ್ಲ. ಬರೆಯುವಾಕೆ ಬೆರಳು ಚೀಪಿ ಒರೆಸಿಕೊಂಡು ನನ್ನ ಹೆಸರಿನ ಮೇಲೆ ಗೀಟು ಎಳೆದಳು. ಹಾಳೆಯ ಮೇಲೆ ಎಣ್ಣೆಯ ಕಲೆಯಾಯಿತು.

ಮೇಲಿನ ವರ್ಗಕ್ಕೆ ನಮ್ಮ ಜಿಲ್ಲೆಯಿಂದ ಬೇರೆ ಹುಡುಗಿಯ ಹೆಸರು ಹೋಗಿತ್ತು. ಕೋಚ್ ಮೂರು ಮಂದಿಯ ಹತ್ತಿರ ಕೈಮುಗಿದು ಬಂದರು. ಅಲ್ಲಿಗೆ ನನ್ನ ಆಟ ಮುಗಿಯಿತು. ಒಂದು ಹೊಡೆತ ಕೊಡಲಿಲ್ಲ, ಒಂದು ಹೊಡೆತ ತಿನ್ನಲಿಲ್ಲ. ಹೊರಗೆ ಬಂದು ಬಾಟಲಿಯನ್ನು ಗಟಾರಕ್ಕೆ ಸುರಿದೆ. ಕೋಚ್ ಕಬ್ಬಿನ ಹಾಲು ತಂದುಕೊಟ್ಟರು. ಒಂದು ಗುಟುಕು ಕುಡಿದು ಅವರ ಚಪ್ಪಲಿಯ ಮೇಲೆಯೇ ಕಾರಿಕೊಂಡೆ. ಅವರು ನಲ್ಲಿಯ ಹತ್ತಿರ ಹೋಗಿ ಕಾಲು ತೊಳೆದುಕೊಂಡು ಬಂದು ಇನ್ನೊಂದು ಗ್ಲಾಸು ತಂದರು.

ವಾಪಸು ಬರುವ ರೈಲು ಬಾಗಲಕೋಟೆ ದಾಟಿತು. ಆಮೇಲೆ ಕೋಚ್ ಕಿಟಕಿಯ ಹೊರಗೆ ನೋಡುತ್ತ ಹೇಳಿದರು:

“ನೂಲು ಥಂಡಿ ಹಿಡದ್ರ ತೂಕ ಏರ್ತೈತಿ, ಒಣಗಿದ್ರ ಇಳೀತೈತಿ. ಅದು ನಮಗ ಗೊತ್ತಿದ್ದದ್ದು. ಆದ್ರ ಒಂದ ನೂಲಿನುಂಡಿ ಎರಡು ಕಾಟಾದ ಮ್ಯಾಲೆ ಎರಡು ತೂಕ ಬಂತಂದ್ರ, ನೂಲಿನ ತಪ್ಪು ಹುಡುಕಬಾರದವಾ.”

ನಾನು ಅವರ ಮುಖ ನೋಡಿದೆ.

“ನಿಮ್ಮಪ್ಪಗ ಗೊತ್ತಿತ್ತು ಅಂತ ನಾ ಅನ್ನಂಗಿಲ್ಲ,” ಎಂದರು. ಮತ್ತೆ ಕಿಟಕಿಯ ಕಡೆ ತಿರುಗಿದರು.

ಆಗ ನನ್ನ ತಲೆ ಲೆಕ್ಕ ಶುರುಮಾಡಿತು, ಬೇಡವೆಂದರೂ ಬಿಡಲಿಲ್ಲ. ಮುಳ್ಳಿನ ಡಬ್ಬಿ ಮೊದಲಿನಿಂದ ಹೇಳುತ್ತಿದ್ದದ್ದೂ ವಿಜಯಪುರದ ಕಾಟಾ ಹೇಳಿದ್ದೂ ಒಂದೇ, ಅಪ್ಪನದಕ್ಕಿಂತ ಒಂದೂವರೆ ಕಿಲೋ ಹೆಚ್ಚು. ನಲವತ್ತೊಂಬತ್ತೂವರೆ ಇದ್ದದ್ದು ಅಪ್ಪನ ಕಾಟಾದ ಮೇಲೆ ನಲವತ್ತೆಂಟು. ಅಂದರೆ ನೂರಕ್ಕೆ ಮೂರು ಕಿಲೋ ಮಾಯ. ನನಗೊಬ್ಬಳಿಗೇ ಅಲ್ಲ. ಅದರ ಮೇಲೆ ಹತ್ತಿದ ಪ್ರತಿ ಚೀಲಕ್ಕೂ. ಸೀಲು ಹೊಡೆದು ಹೋದ ಮೇಲೆ ಯಾರೋ ಅದರ ಹೊಟ್ಟೆಗೆ ಕೈ ಹಾಕಿದ್ದಾರೆ. ಅಪ್ಪ ಕೈ ಕಟ್ಟಿ ಎರಡು ಹೆಜ್ಜೆ ಹಿಂದೆ ನಿಲ್ಲುತ್ತಿದ್ದನಲ್ಲ, ನಿಲ್ಲದೆ ಏನು ಮಾಡುತ್ತಾನೆ, ಕೈ ಹಾಕುವ ಕೆಲಸವನ್ನು ಕಾಟಾನೇ ಮಾಡುತ್ತಿತ್ತು.

ರಾತ್ರಿ ಒಂಬತ್ತಕ್ಕೆ ಮನೆ ಮುಟ್ಟಿದೆ. ಅಪ್ಪ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ಊಟಕ್ಕೆ ಕೂತಿದ್ದ.

“ಹ್ಯಾಂಗಾತವಾ?”

“ಅಲ್ಲಿ ನಲವತ್ತೊಂಬತ್ತೂವರಿ ಬಂತು,” ಎಂದೆ.

ಅವನು ‘ಹ್ಯಾಂಗ ಬಂತು’ ಎಂದು ಕೇಳಬೇಕಿತ್ತು. ಯಾವ ಅಪ್ಪನಾದರೂ ಕೇಳುತ್ತಾನೆ. ಅವನು ರೊಟ್ಟಿಯ ಮೇಲಿನ ಕೈ ಹಾಗೇ ಇಟ್ಟುಕೊಂಡು ಕೂತ. ಅಲ್ಲಿಗೆ ನನಗೆ ಎಲ್ಲ ತಿಳಿಯಿತು.

“ನಿನಗ ಗೊತ್ತಿತ್ತು.”

“ಮೊದಲ ಊಟ ಮಾಡು ಬಾ.”

“ಗೊತ್ತಿತ್ತೋ ಇಲ್ಲೋ ಅಷ್ಟ ಹೇಳು.”

“ಇಳಸು ಇಳಸು ಅಂತ ಎಷ್ಟ ಸರ್ತಿ ಬಡಕೊಂಡೆ ನಿನಗ.”

“ಕಾಟಾ ಸುಳ್ಳೈತಿ ಅಂತ ಒಂದ ಸರ್ತಿ ಅಂದಿದ್ರ ಸಾಕಿತ್ತಲ್ಲ.”

ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ನಡುವೆ ನಿಂತಳು. ಅಪ್ಪ ತಟ್ಟೆಯ ಕಡೆ ನೋಡುತ್ತ ಹೇಳಿದ:

“ಸಾವ್ಕಾರಗ ಹೇಳಿದ್ರ ಕೆಲಸ ಹೋಗ್ತಿತ್ತು. ನಿನಗ ಹೇಳಿದ್ರ ನಾನ ಹೋಗ್ತಿದ್ನಿ.”

ಆ ಮಾತಿಗೆ ಮಗಳಾದವಳ ಕರುಳು ಚುರ್ ಎನ್ನಬೇಕು. ನನಗೆ ಎನ್ನಲಿಲ್ಲ. ಅಸಹ್ಯವಾಯಿತು. ಎದುರಿಗೆ ಕೂತ ಮನುಷ್ಯನ ಹಣೆಯ ವಿಭೂತಿ, ತೊಳೆದ ಕೈ, ಅಚ್ಚುಕಟ್ಟಾಗಿ ಮಡಚಿಟ್ಟ ಟವೆಲ್ಲು, ಎಲ್ಲವೂ ಅಸಹ್ಯವಾಯಿತು. ತನ್ನ ಮರ್ಯಾದೆ ಉಳಿಯಲಿ ಎಂದು ಒಂದು ತಿಂಗಳು ನನ್ನನ್ನು ಆ ಕಾಟಾದ ಮೇಲೆ ಹತ್ತಿಸಿ ಇಳಿಸಿದನಲ್ಲ. ಸುಳ್ಳು ಅಂಕಿಯನ್ನು ನನ್ನ ಮುಖಕ್ಕೇ ಕೂಗಿದನಲ್ಲ. ಅವ್ವ ತಟ್ಟೆ ತಂದು ಮುಂದಿಟ್ಟಳು. ಎರಡು ತಿಂಗಳಿಂದ ಕನಸಿನಲ್ಲಿ ಕಾಣುತ್ತಿದ್ದ ಬಿಸಿ ರೊಟ್ಟಿ, ಎಣ್ಣೆಗಾಯಿ. ಅದನ್ನು ನೋಡುತ್ತ ನನಗೆ ಇನ್ನೊಂದು ಯೋಚನೆ ಬಂತು, ಅದು ಇಂದಿಗೂ ಬಿಟ್ಟಿಲ್ಲ. ಹದಿನೆಂಟು ವರ್ಷ ನಾನು ತಿಂದದ್ದು ಆ ಅಂಗಡಿಯ ಅನ್ನ. ಇಳಿಸಲು ಅಷ್ಟು ಒದ್ದಾಡಿದ ಈ ಮೈಯಲ್ಲಿ ಬೇರೆಯವರ ಚೀಲದ್ದು ಎಷ್ಟು ಕಿಲೋ?

ಊಟ ಬಿಟ್ಟು ಎದ್ದೆ ಎಂದು ಬರೆಯಬೇಕೆಂದು ಆಸೆಯಿದೆ. ಬರೆದರೆ ಸುಳ್ಳಾಗುತ್ತದೆ. ತಿಂದೆ. ನಾಲ್ಕು ರೊಟ್ಟಿ ತಿಂದೆ.

ಹದಿನೈದು ದಿನ ಅಪ್ಪನ ಜೊತೆ ಮಾತಾಡಲಿಲ್ಲ. ಶೆಡ್ಡಿಗೂ ಹೋಗಲಿಲ್ಲ. ಅವ್ವ ನರಗುಂದದ ಕಡೆಯ ಒಂದು ಮನೆತನದ ಜೊತೆ ಮಾತುಕತೆ ಶುರುಮಾಡಿದ್ದಳು, ಬೇಡವೆನ್ನಲು ನನ್ನ ಹತ್ತಿರ ಕಾರಣವಿರಲಿಲ್ಲ. ಮನೆಯಲ್ಲಿ ಕೂತು ನಾನು ಒಂದೇ ಕೆಲಸ ಮಾಡಿದೆ. ಅಂಗಡಿಗೆ ಹೋಗಿ, ರೈತರು ತುಂಬಿದ್ದಾಗ, ಎಲ್ಲರ ಮುಂದೆ ಏನು ಹೇಳಬೇಕು ಎಂಬ ಮಾತುಗಳನ್ನು ಕೂಡಿಸಿ ಇಟ್ಟುಕೊಂಡೆ. ‘ಈ ಕಾಟಾ ನೂರಕ್ಕೆ ಮೂರು ಕಿಲೋ ತಿಂತೈತ್ರಿ, ನನ್ನನ್ನೂ ತಿಂದೈತಿ’ ಎಂದು ಹೇಳಬೇಕೆಂದಿದ್ದೆ. ಸಾವ್ಕಾರ ಮೇಲೆ ಬಿದ್ದರೆ ಹೊಡೆಯುವ ತಾಕತ್ತು ನನಗಿತ್ತು. ಅದನ್ನೇ ತಾನೆ ಆರು ವರ್ಷ ಕಲಿತದ್ದು.

ಒಂದು ಮಧ್ಯಾಹ್ನ ಅವ್ವ ಅಪ್ಪನ ಬುತ್ತಿ ನನ್ನ ಕೈಗೆ ಕೊಟ್ಟಳು. ಇದೇ ಸಮಯ ಎಂದುಕೊಂಡು ಹೋದೆ. ಅಂಗಡಿಯ ಮುಂದೆ ನಾಲ್ಕೈದು ಮಂದಿ ನೆರಳಿನಲ್ಲಿ ಕೂತಿದ್ದರು. ಕಾಟಾದ ಮುಂದೆ ಒಬ್ಬ ಮುದುಕಿ, ಆರು ಚೀಲ ಕಡಲೆ ತಂದಿದ್ದಳು. ಟ್ರ್ಯಾಕ್ಟರಿನವ ಇಳಿಸಿ ಹೋಗಿದ್ದನೋ ಏನೋ, ಅವಳ ಜೊತೆ ಯಾರೂ ಇರಲಿಲ್ಲ. ಅಪ್ಪ ಮೊದಲ ಚೀಲ ಎತ್ತಿ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ತಲೆಯೆತ್ತಿದವನು ನನ್ನನ್ನು ನೋಡಿದ. ಕೂಗಬೇಕಾದ ಅಂಕಿಯನ್ನು ಕೂಗಲಿಲ್ಲ. ನನ್ನ ಮುಖದಲ್ಲಿ ಅವನಿಗೆ ಏನು ಕಂಡಿತೆಂದು ನನಗೆ ಗೊತ್ತು. ನಾನು ಬುತ್ತಿ ಕೆಳಗಿಟ್ಟು ಕಾಟಾದ ಹತ್ತಿರ ಹೋಗಿ ನಿಂತೆ.

ಮುದುಕಿ ನನ್ನ ತೋಳು ಹಿಡಿದಳು.

“ಯವ್ವಾ, ಸಾಲಿ ಕಲತಾಕಿ ಕಂಡಂಗ ಕಾಣ್ತಿ. ನನಗ ಕಣ್ಣು ಮಬ್ಬು. ಅದರಾಗ ಎಷ್ಟ ಬಂದೈತಿ, ಓದಿ ಹೇಳವಾ.”

ಕೂತವರೆಲ್ಲ ನನ್ನ ಕಡೆ ನೋಡಿದರು. ಸಾವ್ಕಾರ ಒಳಗೆ ಫೋನಿನಲ್ಲಿದ್ದ. ಕೂಡಿಸಿ ಇಟ್ಟುಕೊಂಡಿದ್ದ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಅಪ್ಪ ಕಟ್ಟಿದ ಕೈ ಬಿಡದೆ ನೆಲ ನೋಡುತ್ತಿದ್ದ.

“ಐವತ್ತೆಂಟು ಕಿಲೋ ಇನ್ನೂರು,” ಎಂದೆ.

“ಮನ್ಯಾಗ ಅರವತ್ತು ತುಂಬಿದ್ವಲ್ಲ,” ಎಂದಳು ಮುದುಕಿ.

ಅಪ್ಪ ಮುಂದಿನ ಚೀಲಕ್ಕೆ ಬಗ್ಗಿದ. ನಾನೇ ಹೇಳಿದೆ, “ಬಿಸಲಿಗೆ ಒಣಗಿರ್ತಾವ ಆಯಿ.”

“ಇರಬೇಕು ಬಿಡು. ಹೆಣ್ಣುಮಗಳು, ನೀ ಯಾಕ ಸುಳ್ಳ ಹೇಳ್ತಿ,” ಎಂದು ಅವಳು ನನ್ನ ತೋಳು ಸವರಿದಳು.

ಇನ್ನೂ ಐದು ಚೀಲ ಇದ್ದವು. ಅಪ್ಪ ಒಂದೊಂದಾಗಿ ಎತ್ತಿ ಇಟ್ಟ. ನಾನು ಐದನ್ನೂ ಓದಿದೆ.